ನಿಂಫಿಗೆ ಯಾವ ಭಾರ? ತಾಮ್ರ, ಸೀಸ, ಹಿತ್ತಾಳೆ, ಟಂಗ್‌ಸ್ಟನ್

ಮೊದಲೇ ಹೇಳಿಬಿಡುತ್ತೇನೆ, ಟ್ರೌಟ್ ಮೀನಿಗೆ ನಿಂಫ್ (ಗಾಳದ ಮೇಲೆ ಗರಿ, ದಾರ ಸುತ್ತಿ ಮಾಡುವ ನಕಲಿ ಹುಳು) ಕಟ್ಟುವುದಾದರೆ, ಅದನ್ನು ಮುಳುಗಿಸುವ ಭಾರಕ್ಕೆ ನನ್ನ ಓಟು ಟಂಗ್‌ಸ್ಟನ್ ಮಣಿಗೆ. ದುಬಾರಿ ಹೌದು. ಬೆಳಗಾವಿಯ ಯಾವ ಅಂಗಡಿಯಲ್ಲೂ ನನಗೆ ಸಿಕ್ಕಿಲ್ಲ, ಹೊರಗಿನಿಂದ ತರಿಸಿಕೊಳ್ಳಬೇಕು. ಆದರೂ ಅದೇ. ಉಳಿದ ಮೂರನ್ನೂ ಕಟ್ಟಿ, ನೀರಿಗೆ ಬಿಟ್ಟು ನೋಡಿದ ಮೇಲೆ ಹೇಳುತ್ತಿರುವ ಮಾತಿದು.

ನಮ್ಮ ಘಟಪ್ರಭೆ, ಮಾರ್ಕಂಡೇಯದಲ್ಲಿ ಟ್ರೌಟ್ ಇಲ್ಲ. ಅದಕ್ಕೆ ಸದಾ ತಣ್ಣಗಿರುವ, ಹರಿಯುವ ನೀರು ಬೇಕು. ನಾನು ಹೋಗುವುದು ಹಿಮಾಚಲದ ತೀರ್ಥನ್ ನದಿಗೆ. ಇಲ್ಲಿ ಗೋವಾ ಎಕ್ಸ್‌ಪ್ರೆಸ್ ಹತ್ತಿದರೆ ದೆಹಲಿಯ ನಿಜಾಮುದ್ದೀನ್, ಅಲ್ಲಿಂದ ಕುಲ್ಲು ಕಡೆಯ ರಾತ್ರಿ ಬಸ್ಸಿನಲ್ಲಿ ಔಟ್ ಎಂಬ ಊರು, ಆಮೇಲೆ ಬಂಜಾರ್. ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಮಾಡಿಸಬೇಕು. ನವೆಂಬರ್‌ನಿಂದ ಫೆಬ್ರವರಿ ಮುಗಿಯುವ ತನಕ ಗಾಳ ಹಾಕುವಂತಿಲ್ಲ. ಅಲ್ಲಿನ ಬ್ರೌನ್ ಟ್ರೌಟ್ ಬಂಡೆಯ ಮರೆಯಲ್ಲಿ, ತಳದ ಹತ್ತಿರ ನಿಂತು, ನೀರಿನ ಜೊತೆ ಉರುಳಿ ಬರುವ ಹುಳುವಿನ ಮರಿಗಳನ್ನು ಹಿಡಿದು ತಿನ್ನುತ್ತದೆ. ನಿಂಫ್ ಆ ಮರಿಯ ನಕಲು. ಬಂಡೆಯ ಹಿಂದೆ ನೀರು ತುಸು ನಿಲ್ಲುವ ಜಾಗ ಮಾರುದ್ದವೂ ಇರುವುದಿಲ್ಲ. ಬಿದ್ದ ಕೂಡಲೇ ಕೆಳಗಿಳಿಯದ ಫ್ಲೈ (ಹೀಗೆ ಕಟ್ಟಿದ ನಕಲಿ ಹುಳು) ಮೀನಿನ ತಲೆಯ ಮೇಲೆ ಹಾದು ಹೋಗುತ್ತದೆ, ಅದು ಕಣ್ಣೆತ್ತಿಯೂ ನೋಡುವುದಿಲ್ಲ.

ತಾಮ್ರದ ತಂತಿ ಅಗ್ಗ. ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ 36 ಗೇಜಿನದು ಕೇಳಿದರೆ ಸಾಕು, ದಪ್ಪ ಸುಮಾರು 0.19 ಮಿ.ಮೀ. ಇಂಗ್ಲೆಂಡಿನಲ್ಲಿ ಏವನ್ ನದಿಯ ಉಸ್ತುವಾರಿ ನೋಡುತ್ತಿದ್ದ ಫ್ರಾಂಕ್ ಸಾಯರ್ ತನ್ನ ಹೆಸರಾಂತ ಫೆಸೆಂಟ್ ಟೇಲ್ ನಿಂಫನ್ನು ದಾರವೇ ಇಲ್ಲದೆ, ಬರೀ ತಾಮ್ರದ ತಂತಿ ಮತ್ತು ಫೆಸೆಂಟ್ ಹಕ್ಕಿಯ ಬಾಲದ ಎಳೆಗಳಿಂದ ಕಟ್ಟುತ್ತಿದ್ದ. ಕಟ್ಟಿದ ಮೇಲೆ ನೋಡಲು ಅದಕ್ಕಿಂತ ಚೆಂದದ ನಿಂಫ್ ಇಲ್ಲ. ಆದರೆ ಅದು ಹುಟ್ಟಿದ್ದು ತಿಳಿಯಾದ, ಸಮಾಧಾನದ ನೀರಿಗೆ. ತೀರ್ಥನ್‌ನ ದಂಡೆಯ ಕಡೆ, ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತದೆ. ಸೆಳವಿನಲ್ಲಿ ಆಟ ನಡೆಯುವುದಿಲ್ಲ.

ಸೀಸದ ತಂತಿ ತಾಮ್ರಕ್ಕಿಂತ ಭಾರ, ಬೆರಳಿಗೆ ಮೆತ್ತಗೆ ಬಗ್ಗುತ್ತದೆ. ಆದರೆ ಸುತ್ತು ಮುಗಿದ ಕಡೆ ಮೆಟ್ಟಿಲಿನ ಹಾಗೆ ತಗ್ಗು ಬೀಳುತ್ತದೆ, ದಾರ ಅಲ್ಲಿಂದ ಜಾರುತ್ತಲೇ ಇರುತ್ತದೆ. ತಿಳಿ ಬಣ್ಣದ ಮೈ ಕಟ್ಟಿದರೆ ಸ್ವಲ್ಪ ದಿನಕ್ಕೆ ಒಳಗಿನಿಂದ ಕಪ್ಪು ಬಿಡುತ್ತದೆ. ವಿಷದ ಲೋಹ ಬೇರೆ; ಬ್ರಿಟನ್ನಿನಲ್ಲಿ ಹಂಸಗಳು ಸಾಯುತ್ತಿದ್ದವೆಂದು 1987ರಲ್ಲೇ ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳ ಮೇಲೆ ನಿರ್ಬಂಧ ತಂದರು. ನಮ್ಮ ಮನೆಯಲ್ಲಿ ನಿರ್ಬಂಧ ತಂದಿದ್ದು ಅವ್ವ: “ಆ ಕೈಲೆ ರೊಟ್ಟಿ ಬುಟ್ಟಿ ಮುಟ್ಟಿದಿ ಅಂದ್ರ ನೋಡ!”

ಈಗ ಹಿತ್ತಾಳೆ ಮಣಿ. ನನ್ನ ತಲೆ ತಿಂದದ್ದು ಇದೇ. ಖಡೇಬಜಾರಿನಲ್ಲಿ ಸರ ಪೋಣಿಸುವ ಹಿತ್ತಾಳೆ ಮಣಿ ಒಂದು ಮುಷ್ಟಿಗೆ ಚಹಾದ ದುಡ್ಡು. ಗಾತ್ರ ಸರಿ, ಹೊಳಪು ಸರಿ, ತೊಂದರೆ ಇರುವುದೆಲ್ಲ ತೂತಿನಲ್ಲಿ. ಫ್ಲೈಗೆಂದೇ ಮಾಡಿದ ಮಣಿಯ ತೂತು ಒಂದು ಬದಿಗೆ ಸಣ್ಣದು, ಇನ್ನೊಂದು ಬದಿಗೆ ಅಗಲ. ಸಣ್ಣ ಬದಿಯಿಂದ ಪೋಣಿಸಿದರೆ ಗಾಳದ ಬಾಗು ದಾಟಿಕೊಂಡು ಬಂದು, ಸಣ್ಣ ಬದಿ ಗಾಳದ ಕಣ್ಣಿನ (ದಾರ ಕಟ್ಟುವ ಬಳೆಯ) ಹತ್ತಿರ ನಿಲ್ಲುತ್ತದೆ. ಸರದ ಮಣಿಯ ತೂತು ಈ ತುದಿಯಿಂದ ಆ ತುದಿಯವರೆಗೆ ಒಂದೇ ಅಳತೆ. ಸಣ್ಣದಾದರೆ ಮಣಿ ಬಾಗಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಗಾಳದ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿದರೂ ಅಷ್ಟೇ. ದೊಡ್ಡದಾದರೆ ಬಾಗು ದಾಟಿ, ಕಣ್ಣೂ ದಾಟಿ, ನೆಲಕ್ಕೆ ಬಿದ್ದು ಮಂಚದ ಕೆಳಗೆ ಹೋಗುತ್ತದೆ.

ಹೇಗೋ ಕೂತ ಮಣಿಯದು ಇನ್ನೊಂದು ಕಾಟ. ತೂತಿನ ಅಂಚಿನಲ್ಲಿ ಕಣ್ಣಿಗೆ ಕಾಣದ ಚೂಪು ಉಳಿದಿರುತ್ತದೆ. ಬಾಲ ಕಟ್ಟಿ, ಮೈ ಸುತ್ತಿ, ತಂತಿ ಎಳೆದು, ಎದೆಗೆ ನವಿಲುಗರಿಯ ಎಳೆ ಸುತ್ತಿ, ಕೊನೆಯ ಗಂಟು ಬಿಗಿಯುವ ಹೊತ್ತಿಗೆ ದಾರ ಆ ಅಂಚಿಗೆ ತಾಗಿ ಪಟ್ ಅನ್ನುತ್ತದೆ. ಹಿಡಿದುಕೊಳ್ಳುವಷ್ಟರಲ್ಲಿ ಎಲ್ಲ ಬಿಚ್ಚಿಕೊಂಡಿರುತ್ತದೆ. ಉದ್ಯಮಬಾಗದಲ್ಲಿ ಲೇತ್ ಮೇಲೆ ಕೆಲಸ ಮಾಡುವ ಪರಿಚಯದ ಟರ್ನರ್ ಒಬ್ಬರ ಬಳಿ ಒಯ್ದು, ಒಂದು ಬದಿ ಸ್ವಲ್ಪ ಅಗಲ ಮಾಡಿಕೊಡಿ ಎಂದೆ. ಅಂಗೈ ಮೇಲಿನ ಮಣಿ ನೋಡಿ ಅವರು ನಕ್ಕರು: “ಸಾಹೇಬ್ರ, ಇಷ್ಟ್ ಸಣ್ಣದ್ದನ್ನ ಚಕ್‌ನ್ಯಾಗ ಹಿಡಿಯೂದರ ಹ್ಯಾಂಗ್ರಿ?” ಫ್ಲೈಗೆಂದೇ ಬರುವ ಹಿತ್ತಾಳೆ ಮಣಿ ತರಿಸಿದರೆ ಈ ಯಾವ ರಗಳೆಯೂ ಇಲ್ಲ, ಖರೆ. ಆದರೆ ಹೇಗೂ ತರಿಸುವುದೇ ಆದರೆ ಹಿತ್ತಾಳೆ ಯಾಕೆ?

ಟಂಗ್‌ಸ್ಟನ್ ಸಾಂದ್ರತೆ ಘನ ಸೆಂ.ಮೀ.ಗೆ ಹತ್ತಿರ ಹತ್ತಿರ 19.3 ಗ್ರಾಂ, ಅಂದರೆ ಬಂಗಾರದಷ್ಟೇ. ಹಿತ್ತಾಳೆ ಎಂಟೂವರೆ, ಸೀಸ ಹನ್ನೊಂದು ಚಿಲ್ಲರೆ. ಮಣಿ ಮಾಡುವಾಗ ಪುಡಿಯನ್ನು ಬೇರೆ ಲೋಹದ ಜೊತೆ ಒತ್ತಿ ಕಾಯಿಸುವುದರಿಂದ ಪೂರ್ತಿ ಅಷ್ಟು ಬರದಿದ್ದರೂ, ನಮ್ಮ ಓಣಿಯ ಪತ್ತಾರರ ತಕ್ಕಡಿಯಲ್ಲಿ ಹಿತ್ತಾಳೆಯ ಸುಮಾರು ಎರಡು ಪಟ್ಟು ತೂಗಿತು. ಆ ತಕ್ಕಡಿಯಿಂದ ಇನ್ನೊಂದು ಉಪಕಾರವೂ ಆಯಿತು: ಆನ್‌ಲೈನ್‌ನಲ್ಲಿ ಟಂಗ್‌ಸ್ಟನ್ ಎಂದು ಅಗ್ಗಕ್ಕೆ ಬಂದ ಒಂದು ಪೊಟ್ಟಣ ಹಿತ್ತಾಳೆಗಿಂತ ಕೂದಲೆಳೆಯಷ್ಟೂ ಹೆಚ್ಚು ತೂಗಲಿಲ್ಲ. ಕಾನಸಿನಿಂದ ಉಜ್ಜಿದರೆ ಹಳದಿ ಕಂಡಿತು. ದುಡ್ಡು ವಾಪಸ್ ಬರಲಿಲ್ಲ. ತರಿಸುವವರು ಬಂದ ದಿನವೇ ತೂಗಿಸಿ.

ಕಟ್ಟುವುದು ಸಲೀಸು. 14ನೇ ನಂಬರಿನ ಜಿಗ್ ಗಾಳ, 2.8 ಮಿ.ಮೀ.ನ ಸೀಳುಮಣಿ (ಒಂದು ಬದಿಗೆ ಸೀಳಿರುವ ಮಣಿ). ಜಿಗ್ ಗಾಳದ ಕತ್ತು 60 ಡಿಗ್ರಿ ಬಾಗಿರುವುದರಿಂದ ಮಣಿಯ ಸೀಳು ಅಲ್ಲಿ ಸರಿಯಾಗಿ ಕೂರುತ್ತದೆ. ನೀರಿನಲ್ಲಿ ಗಾಳದ ಮೊನೆ ಮೇಲ್ಮುಖವಾಗಿ ಸಾಗುತ್ತದೆ, ಕಲ್ಲಿಗೆ ಸಿಕ್ಕುವುದು ಕಡಿಮೆ. ಭಾರವೆಲ್ಲ ತಲೆಯಲ್ಲೇ ಇರುವುದರಿಂದ ಮೈ ತೆಳ್ಳಗೆ ಕಟ್ಟಬಹುದು, ತೆಳ್ಳಗಿದ್ದಷ್ಟೂ ಬೇಗ ಇಳಿಯುತ್ತದೆ. ಸಾದಾ ಗಾಳಕ್ಕೆ ಮಾತ್ರ ಸೀಳುಮಣಿ ಬೇಡ, ಮಣಿ ಒಂದು ಕಡೆ ವಾಲಿ ನಿಲ್ಲುತ್ತದೆ. ರಿವೈಂಡಿಂಗ್ ಅಂಗಡಿಯ ತಂತಿಯನ್ನು ನಾನು ಈಗಲೂ ಬಿಟ್ಟಿಲ್ಲ: ಫೆಸೆಂಟ್ ಎಳೆಯ ಮೇಲೆ ಅದನ್ನು ವಿರುದ್ಧ ದಿಕ್ಕಿನಲ್ಲಿ ಸುತ್ತಿದರೆ ಟ್ರೌಟಿನ ಹಲ್ಲಿಗೆ ಎಳೆ ಬೇಗ ಹರಿಯುವುದಿಲ್ಲ.

ಖರ್ಚಿನ ಮಾತು. ವಾರವಾರ ಗಾಳ ಹಾಕುವವನಾಗಿದ್ದರೆ ನಾನು ಬಹುಶಃ ಫ್ಲೈ ಹಿತ್ತಾಳೆಗೇ ನಿಲ್ಲುತ್ತಿದ್ದೆ, ಕಲ್ಲಿಗೆ ಕೊಟ್ಟು ಬರುವ ಫ್ಲೈಗಳಿಗೆ ಲೆಕ್ಕವಿಲ್ಲ. ನಾನು ರಜೆ ಸಿಕ್ಕಾಗ ಹೋಗುವವನು, ರಾತ್ರಿ ಊಟವಾದ ಮೇಲೆ ಒಂದೋ ಎರಡೋ ಕಟ್ಟುವವನು. ರೈಲು, ಬಸ್ಸು, ರೂಮು ಅಂತ ಹೋಗುವ ದುಡ್ಡಿನ ಮುಂದೆ ಒಂದು ಪೊಟ್ಟಣ ಮಣಿ ಏನೇನೂ ಅಲ್ಲ. ಡಬ್ಬಿಯಲ್ಲಿ ಬಹುಪಾಲು ಟಂಗ್‌ಸ್ಟನ್, ದಂಡೆಯ ನೀರಿಗೆ ಒಂದು ಸಾಲು ತಾಮ್ರ. ಸೀಸವಿಲ್ಲ. ಬೇಸಿಗೆಯಲ್ಲಿ ಹಿಮ ಕರಗಿ ಹೊಳೆ ಏರಿದಾಗ 2.8 ಕೂಡ ಹಗುರ ಅನ್ನಿಸಿದ್ದುಂಟು, ಅದಕ್ಕೆ ಈ ಸಲ 3.3ರದ್ದು ತರಿಸಿ ತುಸು ದೊಡ್ಡದಾದ 12ನೇ ನಂಬರಿನ ಗಾಳಕ್ಕೆ ಕಟ್ಟುತ್ತಿದ್ದೇನೆ. ಖಡೇಬಜಾರಿನ ಮಣಿಗಳನ್ನು ಅವ್ವ ಪರದೆಯ ಅಂಚಿಗೆ ಹೊಲಿದಿದ್ದಾಳೆ.