ಪೈರೆಕ್ಸ್ ಗಾಜಿನ ಪೈ ತಟ್ಟೆ: ಕ್ರಸ್ಟ್‌ನ ತಳ ಕಣ್ಣಿಗೆ ಕಾಣಬೇಕು

ಅಮೆರಿಕದಲ್ಲಿದ್ದು ಮನೆಯಲ್ಲೇ ಪೈ ಕ್ರಸ್ಟ್, ಅಂದರೆ ಹೂರಣ ತುಂಬಿ ಬೇಯಿಸುವ ಹಿಟ್ಟಿನ ಕವಚ, ಮಾಡಬೇಕು ಅನ್ನುವವರಿಗೆ ನಾನು ಹೇಳುವುದು ಒಂದೇ, 9 ಇಂಚಿನ ಪೈರೆಕ್ಸ್ ಗಾಜಿನ ತಟ್ಟೆ ತಗೊಳ್ಳಿ. ಮೇಲೆ ಎಷ್ಟೇ ಚೆನ್ನಾಗಿ ಬಣ್ಣ ಬಂದಿದ್ದರೂ ತಳ ಹಸಿಹಸಿ ಉಳಿದರೆ ಪೈ ಕೆಟ್ಟ ಹಾಗೇ, ಅಲ್ವಾ? ಲೋಹದ ತಟ್ಟೆಯಲ್ಲಿ ತಳ ಬೆಂದಿದೆಯೋ ಇಲ್ಲವೋ ಊಹಿಸಬೇಕು. ಇದನ್ನು ಎತ್ತಿ ಕೆಳಗಿಂದ ನೋಡಿದರೆ ಸಾಕು. ಬಿಳಿ ಕಂಡರೆ ಮತ್ತೆ ಓವನ್‌ಗೆ, ಕಂದು ಕಂಡರೆ ಆಚೆಗೆ.

ಈ ತಟ್ಟೆಯ ಕಥೆಯೂ ನನಗೆ ಇಷ್ಟ. ಕಾರ್ನಿಂಗ್ ಕಂಪನಿಯ ವಿಜ್ಞಾನಿ ಜೆಸ್ಸಿ ಲಿಟಲ್‌ಟನ್ ಕತ್ತರಿಸಿ ತಂದ, ಬಿಸಿ ತಡೆಯುವ ಗಾಜಿನ ಬ್ಯಾಟರಿ ಜಾಡಿಯ ತಳದಲ್ಲಿ ಅವರ ಹೆಂಡತಿ ಬೆಸ್ಸಿ ಕೇಕ್ ಬೇಯಿಸಿ ತೋರಿಸಿದರು. 1915ರಲ್ಲಿ ಪೈರೆಕ್ಸ್ ಪಾತ್ರೆಗಳು ಅಂಗಡಿಗೆ ಬಂದವು.

ಇನ್ನು ಕ್ರಸ್ಟ್. ಅಂಗಡಿಯ ರೆಡಿಮೇಡ್ ಕ್ರಸ್ಟ್‌ಗಳಲ್ಲಿ ಕೆಲವಕ್ಕೆ ಲಾರ್ಡ್, ಅಂದರೆ ಹಂದಿ ಕೊಬ್ಬು ಹಾಕಿರುತ್ತಾರೆ. ಸಸ್ಯಾಹಾರಿಗಳು ಲೇಬಲ್ ಓದಲೇಬೇಕು. ಮನೆಯಲ್ಲಿ ಬೆಣ್ಣೆ ಹಾಕಿ ಮಾಡಿದರೆ ಆ ಚಿಂತೆಯೇ ಇಲ್ಲ, ರುಚಿಯೂ ಜಾಸ್ತಿ. ಒಂದು ತಟ್ಟೆಗೆ 150 ಗ್ರಾಂ ಮೈದಾ, ಅರ್ಧ ಟೀ ಚಮಚ ಉಪ್ಪು, ಉಪ್ಪಿಲ್ಲದ ಬೆಣ್ಣೆ ಒಂದು ಸ್ಟಿಕ್, ಅಂದರೆ 113 ಗ್ರಾಂ, ಐಸ್ ನೀರು 3ರಿಂದ 4 ಟೇಬಲ್ ಚಮಚ. ಬೆಣ್ಣೆ ಫ್ರಿಜ್‌ನಿಂದ ಆಗಷ್ಟೇ ತೆಗೆದದ್ದಾಗಿರಬೇಕು. ಹಿಟ್ಟಿನಲ್ಲಿ ಬೆರಳ ತುದಿಯಿಂದ ಒಡೆಯುತ್ತಾ ಹೋಗಿ, ಅವರೆಕಾಳಿನಷ್ಟು ದಪ್ಪದ ತುಂಡುಗಳು ಉಳಿದಾಗ ನಿಲ್ಲಿಸಿ. ಓವನ್‌ನಲ್ಲಿ ಆ ತುಂಡುಗಳು ಕರಗಿ, ಬೆಣ್ಣೆಯೊಳಗಿನ ನೀರು ಆವಿಯಾಗಿ ಹಿಟ್ಟನ್ನು ಎತ್ತುತ್ತದೆ. ಪದರ ಬರುವುದು ಹಾಗೆ. ಬೆಣ್ಣೆ ಪೂರ್ತಿ ಹಿಟ್ಟಿಗೆ ಸೇರಿಹೋದರೆ ಪದರ ಎಲ್ಲಿಂದ ಬರಬೇಕು?

ನಮ್ಮ ಕೈಗೆ ಚಪಾತಿ ಅಭ್ಯಾಸ, ಹಿಟ್ಟು ಸಿಕ್ಕರೆ ನಾದುತ್ತದೆ. ಇಲ್ಲಿ ನಾದಬೇಡಿ. ನಾದಿದಷ್ಟೂ ಗ್ಲುಟನ್, ಅಂದರೆ ಹಿಟ್ಟಿನ ಜಿಗುಟು, ಬಿಗಿಯಾಗಿ ಕ್ರಸ್ಟ್ ಗಟ್ಟಿಯಾಗುತ್ತದೆ, ಓವನ್‌ನಲ್ಲಿ ಕುಗ್ಗುತ್ತದೆ. ಐಸ್ ನೀರು ಹಾಕಿ ಕಲಸಿ, ಮುಷ್ಟಿಯಲ್ಲಿ ಒತ್ತಿದಾಗ ಅಂಟಿಕೊಂಡರೆ ಸಾಕು, ಸ್ವಲ್ಪ ಪುಡಿಪುಡಿ ಕಂಡರೂ ಪರವಾಗಿಲ್ಲ. ಸುತ್ತಿ ಒಂದು ಗಂಟೆ ಫ್ರಿಜ್‌ನಲ್ಲಿಡಿ.

ಗಾಜಿನ ತಟ್ಟೆಯ ದೊಡ್ಡ ಕೊರತೆ ಎದುರಾಗುವುದು ಇದಾದ ಮೇಲೆ. ಕ್ರಸ್ಟ್‌ಗೆ ಚಳಿ ಬೇಕು, ಗಾಜಿಗೆ ಥಟ್ಟನೆ ತಾಪ ಬದಲಾಗಬಾರದು. ಅಮೆರಿಕದಲ್ಲಿ ಈಗ ಮಾರುವ ಪೈರೆಕ್ಸ್ ಹಳೆಯ ಬೋರೋಸಿಲಿಕೇಟ್ ಗಾಜು ಅಲ್ಲ, ಟೆಂಪರ್ ಮಾಡಿದ, ಅಂದರೆ ಕಾಯಿಸಿ ಥಟ್ಟನೆ ತಣಿಸಿ ಗಟ್ಟಿ ಮಾಡಿದ ಸೋಡಾ ಲೈಮ್ ಗಾಜು. ಕೆಳಗೆ ಬಿದ್ದರೆ ಇದು ಸ್ವಲ್ಪ ತಡೆಯುತ್ತದೆ, ಆದರೆ ಬಿಸಿ ತಣ್ಣಗಿನ ಹೊಡೆತ ಹಳೆಯದರಷ್ಟು ತಡೆಯುವುದಿಲ್ಲ. ಫ್ರೀಜರ್‌ನಿಂದ ತೆಗೆದು ನೇರವಾಗಿ ಓವನ್‌ಗೆ ಇಟ್ಟರೆ ಒಡೆಯಬಹುದು. ಅದಕ್ಕೇ ಲಟ್ಟಿಸಿದ ಹಿಟ್ಟನ್ನು ತಟ್ಟೆಗೆ ಹಾಕದೆ ಬೇರೆ ಟ್ರೇ ಮೇಲೆ ಫ್ರಿಜ್‌ನಲ್ಲಿಡಿ, ತಣ್ಣಗಾದ ಮೇಲೆ ಆಚೆ ತೆಗೆದು, ಮಡಚಲು ಬರುವಷ್ಟು ಸಡಿಲವಾದಾಗ ಹೊರಗಿದ್ದ ತಟ್ಟೆಗೆ ಹಾಸಿ ಅಂಚು ಮಡಚಿ. ಎಳೆದು ಹಾಸಬೇಡಿ, ಎಳೆದದ್ದು ನುಣುಪು ಗಾಜಿನ ಮೇಲೆ ಜಾರಿ ಕೆಳಗಿಳಿಯುತ್ತದೆ.

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ಎಲ್ಲರೂ ಮಾಡುವ ಕುಂಬಳಕಾಯಿ ಪೈಗೆ ಹೂರಣ ನೀರುನೀರಾಗಿರುತ್ತದೆ. ಕ್ರಸ್ಟ್ ಮೊದಲೇ ಬೇಯಬೇಕು. ಬೇಕಿಂಗ್ ಪೇಪರ್ ಹಾಸಿ, ಕ್ರಸ್ಟ್ ಉಬ್ಬದಂತೆ ಭಾರಕ್ಕೆ ಒಣ ರಾಜ್ಮಾ ತುಂಬಿ, 190 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಂಚಿಗೆ ಬಣ್ಣ ಬರುವವರೆಗೆ ಇಟ್ಟು, ಕಾಳು ತೆಗೆದು ಮತ್ತೆ ತಳ ಒಣಗುವವರೆಗೆ ಬೇಯಿಸಿ. ಗಾಜು ಲೋಹಕ್ಕಿಂತ ನಿಧಾನವಾಗಿ ಕಾಯುತ್ತದೆ, ಹಾಗಾಗಿ ಕೆಳಗಿನ ರ‍್ಯಾಕ್‌ನಲ್ಲೇ ಇಡಿ. ಬಿಸಿ ತಟ್ಟೆಗೆ ಫ್ರಿಜ್‌ನ ಹೂರಣ ಸುರಿಯಬೇಡಿ, ಒದ್ದೆ ಕಲ್ಲಿನ ಮೇಲೆ ಇಳಿಸಬೇಡಿ. ಒಣ ಬಟ್ಟೆ ಹಾಸಿ ಇಳಿಸಿ.

ಲೋಹದ ತಟ್ಟೆ ಬೇಗ ಕಾಯುತ್ತದೆ, ಫ್ರೀಜರ್‌ಗೂ ಹೆದರುವುದಿಲ್ಲ, ಅದು ನಿಜ. ಆದರೂ ಕ್ರಸ್ಟ್ ಈಗಷ್ಟೇ ಕಲಿಯುತ್ತಿರುವವರಿಗೆ ನಾನು ಅದನ್ನು ಹೇಳುವುದಿಲ್ಲ. ತಳ ಬೆಂದಾಗ ಯಾವ ಬಣ್ಣ ಇರುತ್ತದೆ ಅನ್ನುವುದು ಕಣ್ಣಾರೆ ಕಂಡೇ ಗೊತ್ತಾಗಬೇಕು. ಇನ್ನೊಂದು ಮಾತು, ಓವನ್‌ನಿಂದ ತೆಗೆದ ಮೇಲೂ ಗಾಜು ತುಂಬಾ ಹೊತ್ತು ಬಿಸಿ ಹಿಡಿದಿರುತ್ತದೆ. ಸೇಬಿನ ಪೈ ಆದರೆ ಮೂರು ಗಂಟೆಯಾದರೂ ಬಿಟ್ಟು ಕತ್ತರಿಸಿ, ಇಲ್ಲದಿದ್ದರೆ ರಸ ಹರಿದು ಕ್ರಸ್ಟ್ ನೆನೆಯುತ್ತದೆ.