ಮೇರಿಯನ್ ಡೇವಿಸ್ ಕಡಲ ಮನೆ: ಬಂಗಲೆ ಹೋಗಿದೆ, ಕೊಳ ಉಂಟು

ಮಗಳ ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡಿಕೊಳ್ಳಲಿಕ್ಕೋ ಮಂಗಳೂರು, ಉಡುಪಿ ಕಡೆಯಿಂದ ಲಾಸ್ ಏಂಜಲೀಸ್‌ಗೆ ಹೋಗುವವರು ಬಹಳ ಮಂದಿ. ಅವರು ಒಂದು ದಿನ ಸಾಂಟಾ ಮೋನಿಕಾದ ಅನೆನ್‌ಬರ್ಗ್ ಕಮ್ಯುನಿಟಿ ಬೀಚ್ ಹೌಸ್‌ಗೆ ಮೀಸಲಿಡಲೇಬೇಕು. ವಿಳಾಸ 415, ಪೆಸಿಫಿಕ್ ಕೋಸ್ಟ್ ಹೈವೇ. ಸದಸ್ಯತ್ವ ಬೇಡ, ಒಳಗೆ ಕಾಲಿಡಲು ಟಿಕೆಟ್ ಇಲ್ಲ. ಪತ್ರಿಕೆಗಳ ದೊರೆ ವಿಲಿಯಂ ರಾಂಡಾಲ್ಫ್ ಹರ್ಸ್ಟ್ ತನ್ನ ಸಂಗಾತಿ, ಮೂಕಿ ಚಿತ್ರಗಳ ತಾರೆ ಮೇರಿಯನ್ ಡೇವಿಸ್‌ಗಾಗಿ 1920ರ ದಶಕದಲ್ಲಿ ಕಟ್ಟಿಸಿದ ಜಾಗ ಇದು.

ದೊಡ್ಡ ಬಂಗಲೆ ನೋಡುವ ಆಸೆಯಿಂದ ಹೋದರೆ ನಿರಾಸೆಯಾಗುತ್ತದೆ. ನೂರಕ್ಕೂ ಹೆಚ್ಚು ಕೋಣೆಗಳಿದ್ದ ಆ ಮೂರಂತಸ್ತಿನ ಮನೆ 1940ರ ದಶಕದಲ್ಲಿ ಮಾರಾಟವಾಗಿ, ಹೋಟೆಲಾಗಿ, 1950ರ ದಶಕದಲ್ಲಿ ನೆಲಸಮವಾಯಿತು. ಅದು ನಿಂತಿದ್ದ ಕಡೆ ಈಗ ಕಾಂಕ್ರೀಟ್ ಕಂಬಗಳ ಸಾಲು ಮಾತ್ರ. ಉಳಿದದ್ದು ಎರಡು: ಅತಿಥಿಗೃಹ, ಈಜುಕೊಳ. ಚಾವಡಿ ಬಿದ್ದು ಕೆರೆ ಮಾತ್ರ ಉಳಿದ ಗುತ್ತಿನ ಮನೆಯ ಅಂಗಳದಲ್ಲಿ ನಿಂತವರಿಗೆ ಈ ಜಾಗ ತಕ್ಷಣ ಅರ್ಥವಾಗುತ್ತದೆ. 1994ರ ಭೂಕಂಪ ಈ ಎರಡಕ್ಕೂ ಪೆಟ್ಟು ಕೊಟ್ಟಿತ್ತು. ದುರಸ್ತಿಯಾಗಿ ಜನರಿಗೆ ತೆರೆದದ್ದು 2009ರಲ್ಲಿ.

ಮೊದಲು ಅತಿಥಿಗೃಹ ನೋಡಿ. ಸ್ವಯಂಸೇವಕ ಮಾರ್ಗದರ್ಶಿಗಳು ಉಚಿತವಾಗಿ ಸುತ್ತಾಡಿಸುತ್ತಾರೆ, ಆದರೆ ಎಲ್ಲ ದಿನ, ಎಲ್ಲ ಹೊತ್ತು ಇಲ್ಲ. ಮನೆಯಿಂದ ಹೊರಡುವ ಮುಂಚೆ ಆ ದಿನದ ಸಮಯ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಇಲ್ಲದಿದ್ದರೆ ಮುಚ್ಚಿದ ಬಾಗಿಲು ನೋಡಿ ಹಿಂದೆ ಬರಬೇಕಾಗುತ್ತದೆ. ಸ್ನಾನದ ಕೋಣೆಗಳ ಹಳೆ ಟೈಲ್ಸ್ ಮುಂದೆ ಅವಸರ ಮಾಡಬೇಡಿ.

ಕೊಳದ ವಿನ್ಯಾಸ ಜೂಲಿಯಾ ಮಾರ್ಗನ್ ಅವರದ್ದು. ಕ್ಯಾಲಿಫೋರ್ನಿಯಾದಲ್ಲಿ ವಾಸ್ತುಶಿಲ್ಪದ ಪರವಾನಗಿ ಪಡೆದ ಮೊದಲ ಮಹಿಳೆ ಇವರು. ಸುತ್ತ ಅಮೃತಶಿಲೆ, ಒಳಗೆ ಟೈಲ್ಸ್. ಕೊಳ ತೆರೆಯುವುದು ಮುಖ್ಯವಾಗಿ ಬೇಸಿಗೆಯಲ್ಲಿ, ಅದಕ್ಕೆ ಬೇರೆ ಟಿಕೆಟ್, ಜನಮಿತಿಯೂ ಉಂಟು. ಶನಿವಾರ, ಭಾನುವಾರ ಬಿಟ್ಟು ವಾರದ ನಡುವೆ ಬೆಳಿಗ್ಗೆಯೇ ಹೋಗುವುದು ಕ್ಷೇಮ. ಮೇ, ಜೂನ್‌ನಲ್ಲಿ ಆ ಕರಾವಳಿಗೆ ಮಧ್ಯಾಹ್ನದವರೆಗೆ ಮೋಡ ಕವಿದಿರುವುದು ಸಾಮಾನ್ಯ. ಜುಲೈ ಕೊನೆ ಮತ್ತು ಆಗಸ್ಟ್ ಉತ್ತಮ. ಮಲ್ಪೆ, ತಣ್ಣೀರುಬಾವಿಯ ಬೆಚ್ಚಗಿನ ನೀರಿಗೆ ಒಗ್ಗಿದವರು ಅಲ್ಲಿಯ ಸಮುದ್ರಕ್ಕೆ ಒಮ್ಮೆಲೇ ಇಳಿಯಬಾರದು, ಬೇಸಿಗೆಯಲ್ಲೂ ನೀರು 20 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಸಂಜೆಗೆ ಒಂದು ಸ್ವೆಟರ್ ಬೇಕೇ ಬೇಕು.

ಕಾರಿನಲ್ಲಿ ಹೋದರೆ ಪಾರ್ಕಿಂಗಿಗೆ ಹಣ ತೆರಬೇಕು. ಮೆಟ್ರೋದ ಇ ಲೈನ್ ರೈಲಿನಲ್ಲಿ ಕೊನೆಯ ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ಕಡಲ ಬದಿಯ ದಾರಿಯಲ್ಲಿ ಉತ್ತರಕ್ಕೆ ಸುಮಾರು 2 ಕಿ.ಮೀ. ನಡೆಯಬಹುದು. ದಾರಿ ಸಮತಟ್ಟು, ಮೊಣಕಾಲು ನೋವಿನವರಿಗೆ ಮಾತ್ರ ಕಾರೇ ಒಳ್ಳೆಯದು.

ಒಂದು ಕೊರತೆ ಉಂಟು. ಇಂಥ ಜಾಗದಲ್ಲಿ ಹರ್ಸ್ಟ್‌ನ ಸಂಪತ್ತು, ಅತಿಥಿಗಳ ಔತಣ ಇವೇ ಕಣ್ಣು ತುಂಬುತ್ತವೆ. ಮೇರಿಯನ್ ಎಂಥ ನಟಿ ಎಂಬುದು ಗೋಡೆ, ಟೈಲ್ಸ್ ನೋಡಿದರೆ ಗೊತ್ತಾಗುವುದಿಲ್ಲ. ಆದ್ದರಿಂದ ವಿಮಾನ ಹತ್ತುವ ಮುಂಚೆ ಇಲ್ಲೇ ಮನೆಯಲ್ಲಿ 1928ರ ‘ಶೋ ಪೀಪಲ್’ ನೋಡಿ, ಸುಮಾರು 80 ನಿಮಿಷ. ಹರ್ಸ್ಟ್‌ಗೆ ಈಕೆಯನ್ನು ರಾಜಕುಮಾರಿಯ ವೇಷದಲ್ಲಿ ಕಾಣುವ ಹುಚ್ಚು. ಈಕೆಯ ನಿಜವಾದ ಶಕ್ತಿ ಹಾಸ್ಯ. ಸಿನಿಮಾ ಸೇರಲು ಬಂದ ಹಳ್ಳಿ ಹುಡುಗಿ ದೊಡ್ಡ ತಾರೆಯಾದಾಗ ತುಟಿ ಚೂಪು ಮಾಡಿ ಹಲ್ಲು ತೋರಿಸುವ ಆ ಮುಖ ಯಕ್ಷಗಾನದ ಒಳ್ಳೆಯ ಹಾಸ್ಯಗಾರರನ್ನು ಕಂಡವರಿಗೆ ತುಂಬ ಹಿಡಿಸುತ್ತದೆ. ಅದೇ ಚಿತ್ರದಲ್ಲಿ ಈಕೆ ಸ್ವತಃ ಮೇರಿಯನ್ ಡೇವಿಸ್ ಆಗಿಯೂ ಒಮ್ಮೆ ಬಂದುಹೋಗುತ್ತಾಳೆ, ಆ ಹುಡುಗಿಗೆ ಅವಳು ಹಿಡಿಸುವುದೇ ಇಲ್ಲ!

2024ರ ಜನವರಿ 1ರಿಂದ ಅಮೆರಿಕದಲ್ಲಿ ಈ ಚಿತ್ರದ ಹಕ್ಕುಸ್ವಾಮ್ಯ ಮುಗಿದಿದೆ, ಹಾಗಾಗಿ ಪ್ರತಿಗಳು ಹಲವು. ಪ್ರತಿ ಆರಿಸುವಾಗಲೇ ಜನ ಸೋಲುವುದು. ಮಸುಕು ಪ್ರತಿಯಲ್ಲಿ ಬಿಳಿ ಪೌಡರ್ ಹಚ್ಚಿದ ಮುಖ ಕರಗಿ ಕಣ್ಣು, ತುಟಿ ಮಾತ್ರ ಉಳಿಯುತ್ತವೆ. ಹಾಸ್ಯವೆಲ್ಲ ಮುಖದಲ್ಲೇ ಇರುವುದರಿಂದ ಅಲ್ಲಿಗೆ ಅರ್ಧ ಚಿತ್ರ ಹೋದಂತೆ. ನಡಿಗೆ ಓಡಿದಂತೆ ಕಂಡರೆ ವೇಗ ತಪ್ಪಿದ ಪ್ರತಿ ಎಂದು ಬಿಟ್ಟುಬಿಡಿ. ಇಂಗ್ಲಿಷ್ ಓದದ ಅಜ್ಜಿ, ಅಜ್ಜ ಜೊತೆಗಿದ್ದರೆ ಮಾತಿನ ಬದಲು ಬರುವ ಬರಹದ ಫಲಕ ಕಂಡಾಗ ನಿಲ್ಲಿಸಿ ಕನ್ನಡದಲ್ಲೋ ತುಳುವಿನಲ್ಲೋ ಹೇಳಿದರಾಯಿತು, ಕಥೆ ಎಲ್ಲೂ ಕಡಿಯುವುದಿಲ್ಲ.

ಹರ್ಸ್ಟ್‌ನನ್ನು ಹೋಲುವ ಪತ್ರಿಕಾ ದೊರೆಯ ಕಥೆ ಹೇಳುವ ‘ಸಿಟಿಜನ್ ಕೇನ್’ ಚಿತ್ರದ ಪ್ರತಿಭೆಯಿಲ್ಲದ ಗಾಯಕಿ ಈಕೆಯೇ ಎಂದು ನಂಬಿದವರು ಈಗಲೂ ಇದ್ದಾರೆ. ಅದು ದೊಡ್ಡ ಅನ್ಯಾಯ. ಮಾತು ತೊದಲುತ್ತಿದ್ದರೂ ಟಾಕಿ ಬಂದ ಮೇಲೂ 1937ರವರೆಗೆ ನಟಿಸಿದಳು. ಹರ್ಸ್ಟ್ ಸಾಲದಲ್ಲಿ ಮುಳುಗಿದಾಗ ಹತ್ತು ಲಕ್ಷ ಡಾಲರ್ ಹೊಂದಿಸಿಕೊಟ್ಟವಳೂ ಈಕೆಯೇ. ಅತಿಥಿಗೃಹದಲ್ಲಿ ಮಾರ್ಗದರ್ಶಿ ಪ್ರಶ್ನೆ ಇದ್ದರೆ ಕೇಳಿ ಎಂದಾಗ ಔತಣಗಳ ಬದಲು ಈ ಹಣದ ವಿಷಯ ಕೇಳಿ.