ಫ್ರೆಂಚ್ ಕ್ಲಾಸಿನ ‘ಬಡ್ಡಿಯಿಲ್ಲದ ಕಂತು’: ಸಹಿ ಹಾಕುವ ಮುಂಚೆ ಇದನ್ನು ಓದಿ

ಕೆನಡಾ ಪಿಆರ್‌ಗೆಂದು (ಅಲ್ಲಿ ಕಾಯಂ ನೆಲೆಸುವ ಅನುಮತಿ) ಫ್ರೆಂಚ್ ಕಲಿಯಲು ಹೊರಟವರು ಈಗ ನಮ್ಮಲ್ಲಿ ಬಹಳ ಮಂದಿ. ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಅಲ್ಲಿನ ವಲಸೆ ಆಯ್ಕೆ ವ್ಯವಸ್ಥೆಯಲ್ಲಿ 2023ರಿಂದ ಫ್ರೆಂಚ್ ಬಲ್ಲವರಿಗೇ ಬೇರೆ ಡ್ರಾ (ಅರ್ಹರನ್ನು ಆರಿಸಿ ಕರೆಯುವ ಸುತ್ತು) ನಡೆಯುತ್ತಿದೆ. ಆ ಆಸೆಯನ್ನೇ ಬಂಡವಾಳ ಮಾಡಿಕೊಂಡ ಒಂದು ಆನ್‌ಲೈನ್ ಸಂಸ್ಥೆಯಿಂದ ನನಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ಡೆಮೊ ಕ್ಲಾಸು ಚೆನ್ನಾಗಿತ್ತು. ಮೇಡಂ ಪ್ರತಿಯೊಬ್ಬರ ಬಾಯಲ್ಲೂ ನುಡಿಸಿ, ತಿದ್ದಿದರು. ದುಡ್ಡು ಕಟ್ಟಿದ ಮೇಲೆ ಅವರು ಮತ್ತೆ ಬರಲೇ ಇಲ್ಲ. ನಾಲ್ಕು ತಿಂಗಳಲ್ಲಿ ಸೊನ್ನೆಯಿಂದ ಬಿ2 (ಎ1ರಿಂದ ಸಿ2ರವರೆಗಿನ ಆರು ಹಂತಗಳಲ್ಲಿ ನಾಲ್ಕನೆಯದು) ತಲುಪಿಸುತ್ತೇವೆ ಎಂದು ಕೌನ್ಸೆಲರ್ ಫೋನಿನಲ್ಲಿ ಹೇಳಿದ್ದರು. ಇದು ಆಗದ ಮಾತು. ಬಿ2 ಮುಟ್ಟಲು ಸಾಮಾನ್ಯವಾಗಿ ಐದಾರು ನೂರು ಗಂಟೆಯ ಪಾಠ ಬೇಕು. ವಾರಕ್ಕೆ ಮೂರು ಗಂಟೆಯಂತೆ ನಾಲ್ಕು ತಿಂಗಳು ಕೂತರೆ ಸಿಗುವುದು ಸುಮಾರು 50 ಗಂಟೆ. ಅಷ್ಟರಲ್ಲಿ ಎ1 ಮುಗಿದರೇ ಹೆಚ್ಚು. ಕೆನಡಾ ಆ ಡ್ರಾಗೆ ಕೇಳುವುದು ಆಲಿಸುವಿಕೆ, ಓದು, ಬರಹ, ಮಾತು ನಾಲ್ಕರಲ್ಲೂ ಎನ್‌ಸಿಎಲ್‌ಸಿ (ಫ್ರೆಂಚ್ ಮಟ್ಟಕ್ಕೆ ಕೆನಡಾದ ಅಳತೆ) 7, ಅಂದರೆ ಹೆಚ್ಚುಕಡಿಮೆ ಬಿ2.

ಬ್ಯಾಚಿನಲ್ಲಿ ಜನ ತುಂಬಿ ತುಳುಕುತ್ತಿದ್ದರು, ಎಲ್ಲರ ಮೈಕೂ ಮ್ಯೂಟ್. ಪಾಠ ಮಾಡುವವರು ಸ್ಲೈಡ್ ಓದಿ ಹೋಗುತ್ತಿದ್ದರು. ಫ್ರೆಂಚ್ ಹಾಗೆ ಬರುವ ಭಾಷೆಯಲ್ಲ. ತುಟಿ ದುಂಡಗೆ ಮಾಡಿ ‘ಇ’ ಅನ್ನುವಂಥ ಒಂದು ಸ್ವರವಿದೆ, ಕನ್ನಡದ ಕಿವಿಗೆ ಅದು ‘ಉ’ ಅಂತಲೇ ಕೇಳುತ್ತದೆ. ಮೂಗಿನಿಂದ ಹೊರಡುವ ಸ್ವರಗಳು ಒಂದರಿಂದ ಇನ್ನೊಂದು ಬೇರೆ ಅಂತ ತಿಳಿಯುವುದಕ್ಕೇ ವಾರಗಟ್ಟಲೆ ಬೇಕು. ಎದುರಿಗೆ ಒಬ್ಬರು ಕೇಳಿಸಿಕೊಂಡು ತಿದ್ದದಿದ್ದರೆ ತಪ್ಪು ಉಚ್ಚಾರಣೆಯೇ ನಾಲಿಗೆಗೆ ಕೂತುಬಿಡುತ್ತದೆ. ಕೊನೆಗೆ ಕೊಡುವ ಸರ್ಟಿಫಿಕೇಟು ಅವರದೇ ಪಿಡಿಎಫ್. ಎಕ್ಸ್‌ಪ್ರೆಸ್ ಎಂಟ್ರಿಗೆ ನಡೆಯುವುದು ಟಿಇಎಫ್ ಕೆನಡಾ, ಟಿಸಿಎಫ್ ಕೆನಡಾ ಎಂಬ ಎರಡೇ ಪರೀಕ್ಷೆ. ಫ್ರಾನ್ಸ್ ಸರ್ಕಾರದ ಡೆಲ್ಫ್ ಸರ್ಟಿಫಿಕೇಟು ಕೂಡ ಅಲ್ಲಿ ನಡೆಯುವುದಿಲ್ಲ.

ಇನ್ನು ದುಡ್ಡಿನ ವಿಷಯ. ಮೋಸ ನಿಜವಾಗಿ ಇದ್ದದ್ದು ಇಲ್ಲೇ. ‘ಬಡ್ಡಿಯಿಲ್ಲದ ತಿಂಗಳ ಕಂತು’ ಅಂತ ಹೇಳಿ ಒಂದು ಲಿಂಕ್ ಕಳಿಸಿದರು; ಪ್ಯಾನ್, ಆಧಾರ್ ಒಟಿಪಿ, ಬ್ಯಾಂಕ್ ಮ್ಯಾಂಡೇಟ್ (ಖಾತೆಯಿಂದ ಕಂತು ತಾನಾಗೇ ಕಡಿತವಾಗಲು ಒಪ್ಪಿಗೆ) ಎಲ್ಲವನ್ನೂ ಫೋನಿನಲ್ಲೇ ಅವಸರ ಮಾಡಿ ಮುಗಿಸಿದರು. ಅದು ಒಂದು ಫೈನಾನ್ಸ್ ಕಂಪನಿಯಿಂದ ನನ್ನ ಹೆಸರಲ್ಲಿ ಎತ್ತಿದ ಸಾಲ. ಪೂರ್ತಿ ಫೀಸು ಅವತ್ತೇ ಸಂಸ್ಥೆಯ ಕೈ ಸೇರಿತ್ತು. ಕ್ಲಾಸು ಬಿಟ್ಟರೂ ಕಂತು ನಿಲ್ಲಲಿಲ್ಲ, ನಿಲ್ಲಿಸಿದರೆ ಸಿಬಿಲ್ ಸ್ಕೋರ್ ಹಾಳು. ಸಂಸ್ಥೆಯನ್ನು ಕೇಳಿದರೆ ಸಾಲ ಕೊಟ್ಟವರನ್ನು ಕೇಳಿ ಅಂತಾರೆ, ಅವರು ಸಂಸ್ಥೆಯತ್ತ ಕೈ ತೋರಿಸುತ್ತಾರೆ.

ಕಂತು ಅಂದರೆ ಮೊದಲು ‘ಸಾಲ ಕೊಡುವವರು ಯಾರು’ ಅಂತ ಕೇಳಿ. ಆರ್‌ಬಿಐ ನಿಯಮದಂತೆ ಡಿಜಿಟಲ್ ಸಾಲಕ್ಕೆ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ (ಬಡ್ಡಿ, ಶುಲ್ಕ, ಷರತ್ತುಗಳನ್ನು ಬರೆದ ಕಾಗದ) ಕೊಡಲೇಬೇಕು. ದಂಡವಿಲ್ಲದೆ ಸಾಲದಿಂದ ಹೊರಬರಲು ಮೊದಲಿಗೆ ಸ್ವಲ್ಪ ಅವಧಿಯೂ ಇರುತ್ತದೆ. ಅದು ಎಷ್ಟು ದಿನ ಅಂತ ಆ ಕಾಗದದಲ್ಲೇ ನೋಡಿಕೊಳ್ಳಿ, ಅನುಮಾನ ಬಂದರೆ ಅಷ್ಟರೊಳಗೇ ರದ್ದು ಮಾಡಿ. ಬೆಂಗಳೂರಿನ ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ನಂಥ ಕಡೆ ಒಂದೊಂದು ಹಂತಕ್ಕೇ ಫೀಸು ಕಟ್ಟಿ ಕಲಿಯಬಹುದು. ಕಲಿಯುವ ಆಸೆ ನಿಜಕ್ಕೂ ಇದೆಯೇ ಅಂತ ನೋಡಿಕೊಳ್ಳಲು ಟಿವಿ5ಮಾಂಡ್‌ನ ಉಚಿತ ಪಾಠಗಳು ಸಾಕು, ಬಹಳ ಒಳ್ಳೆಯವು.

ಈಗಾಗಲೇ ಸಿಕ್ಕಿಬಿದ್ದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಸಾಲ ಕೊಟ್ಟ ಕಂಪನಿಗೆ ಲಿಖಿತ ದೂರು ಕೊಟ್ಟು 30 ದಿನದಲ್ಲಿ ಉತ್ತರ ಬರದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ (ಇಂಥ ದೂರು ವಿಚಾರಿಸುವ ಅಧಿಕಾರಿ) ಬರೆಯಿರಿ. ಸಂಸ್ಥೆ ಬೇರೆ ರಾಜ್ಯದ್ದಾದರೂ 2019ರ ಗ್ರಾಹಕ ಕಾಯ್ದೆಯಂತೆ ನೀವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಹಾಕಬಹುದು. ನಾನು ಮೈಸೂರಿನಲ್ಲಿ ಹಾಕಿದ್ದೇನೆ. ಕೌನ್ಸೆಲರ್ ಕಳಿಸಿದ ವಾಟ್ಸಾಪ್ ಮೆಸೇಜುಗಳನ್ನು ದಯವಿಟ್ಟು ಅಳಿಸಬೇಡಿ, ನನ್ನ ದೂರಿಗೆ ಆಧಾರವಾಗಿರುವುದು ಅವೇ.